ರಂಗೋಲಿಯಲ್ಲಿ ಇಲ್ಲದ ಮನೆಗಳು

ಹುಚ್ಚಕ್ಕನ ಎದುರಿಗೆ ಜಗಳ ತಂದವರಿಗೆ ಒಂದು ಕಷ್ಟವಿತ್ತು. ಯಾರದು ತಪ್ಪು, ಯಾರದು ಸರಿ ಎಂದು ಆಕೆ ಕೇಳುತ್ತಲೇ ಇರಲಿಲ್ಲ. ಟಗರು ಹಂಚಿಕೊಳ್ಳುವಾಗ ಅಣ್ಣತಮ್ಮಂದಿರು ಕಚ್ಚಾಡಿಕೊಂಡು ಬಂದರೆ ಅಣ್ಣನ ಕಡೆ ತಿರುಗಿ, "ನಿಂದು ಆಮೇಲೆ ಹೇಳುವಿಯಂತೆ. ನಿನ್ನ ತಮ್ಮ ಏನಂತಾನೆ, ಮೊದ್ಲು ಅದನ್ನ ಹೇಳು" ಎನ್ನುತ್ತಿದ್ದಳು. ಅವನು ತಡವರಿಸುತ್ತಿದ್ದ. ತಮ್ಮನ ಮಾತನ್ನು ಅವನ ಬಾಯಿಂದಲೇ ಆಡಿಸುವಷ್ಟರಲ್ಲಿ ಜಗಳದ ಬಿಸಿ ಅರ್ಧ ಇಳಿದಿರುತ್ತಿತ್ತು. ಗಂಡ ಮಾರಪ್ಪ ಇದ್ದಾಗ, "ಇವಳತ್ರ ಜಗಳ ತಂದ್ರೆ ಗೆದ್ದೆ ಅನ್ನೋ ಖುಷಿನೂ ಇಲ್ಲ, ಸೋತೆ ಅನ್ನೋ ಸಿಟ್ಟೂ ಇಲ್ಲ, ಸುಮ್ನೆ ಹೊತ್ತು ದಂಡ" ಎಂದು ನಗೆಯಾಡುತ್ತಿದ್ದ.

ಆಕೆ ಹಿರಿಯೂರಿನ ಆಚೆಯ ಹಟ್ಟಿಯಿಂದ ನಮ್ಮ ತುಗ್ಗಲಿಹಟ್ಟಿಗೆ ಸೊಸೆಯಾಗಿ ಬಂದವಳು. ಹೊಸದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವಾಗ ಡಾಂಬರು ಬಿಟ್ಟು ಒಳಗೆ ತಿರುಗಿದರೆ ಗುಡ್ಡದ ಬುಡದಲ್ಲಿ ನಮ್ಮ ಹಟ್ಟಿ. ನಾವೆಲ್ಲ ಕುರಿಯವರು. ಮಾರಪ್ಪ ಒಂದು ಬೇಸಿಗೆ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡ. ಸುದ್ದಿ ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಆಗ ಮಗ ಮಂಜಣ್ಣ ಇನ್ನೂ ಮರಿ ಕಾಯುವ ವಯಸ್ಸಿನವನು. ಅವನನ್ನು ಬೆಳೆಸಿ, ಮದುವೆ ಮಾಡಿ, ಮೌನಿಕಾಳನ್ನು ಸೊಸೆಯಾಗಿ ತಂದಳು. ಮಗ ಮೇಲಿನ ಬೀದಿಯಲ್ಲಿ ಸಿಮೆಂಟಿನ ಮನೆ ಕಟ್ಟಿದ. ಹುಚ್ಚಕ್ಕ ಹಳೆಯ ಮನೆಯಲ್ಲೇ ಉಳಿದಳು, ಕುರಿ ಕೂಡುವ ರೊಪ್ಪ ಅಲ್ಲಿಗೆ ಹತ್ತಿರ ಎಂದು. ಹಟ್ಟಿಯಲ್ಲಿ ಹಾಗೆ ಆಗುತ್ತಾ ಬಂದು ಕೆಳಗಿನ ಸಾಲಿನಲ್ಲಿ ಉಳಿದವರು ನಾವು ಗಂಡ ಸತ್ತ ಹೆಂಗಸರು ಮಾತ್ರ. ಮೊದಲು ಹುಚ್ಚಕ್ಕನ ಮನೆ, ಅದಕ್ಕೆ ಆತುಕೊಂಡು ಗಿರಿಯಕ್ಕನದು, ಆಮೇಲೆ ನನ್ನದು, ಕೊನೆಗೆ ತಿಪ್ಪಮ್ಮನದು. ಹಳೇ ಕಾಲದ ಮಣ್ಣಿನ ಮನೆಗಳು. ಇಬ್ಬಿಬ್ಬರಿಗೂ ನಡುವೆ ಒಂದೇ ಗೋಡೆ. ಗಿರಿಯಕ್ಕ ಕೆಮ್ಮಿದರೆ ಎರಡೂ ಕಡೆ ಕೇಳುತ್ತಿತ್ತು.

ಕೊರೊನಾ ಇಳಿದ ಮೇಲೆ ಕಾವ್ಯಶ್ರೀ ಎಂಬ ಹುಡುಗಿ ಹಟ್ಟಿಗೆ ಬಂದಳು. ಚಿತ್ರದುರ್ಗದವಳು. ಬೀದಿ, ಚರಂಡಿ, ಅಂಗನವಾಡಿ ಎಲ್ಲಿ ಹೇಗಿರಬೇಕು ಎಂದು ಯೋಚಿಸಿ ಹಾಳೆಯ ಮೇಲೆ ಬರೆದುಕೊಡುವುದು ಅವಳ ಓದು. ಡಿಸೈನರ್ ಎನ್ನುತ್ತಾರೆ. ಓದಿದವರು ಕೂತಲ್ಲೇ ಬರೆದುಕೊಟ್ಟರೆ ಆಗುವುದಿಲ್ಲ, ಊರಿನವರೇ ತಮ್ಮ ಕೈಯಿಂದ ಬರೆಯಬೇಕು, ಅದರಂತೆ ಪಂಚಾಯಿತಿಯವರು ಕೆಲಸ ಮಾಡಬೇಕು ಎಂಬುದು ಅವಳ ಮಾತು. ಅದಕ್ಕೆ ಒಂದು ಕ್ರಮವಿತ್ತು. ಮೊದಲು ಎಲ್ಲರೂ ಸೇರಿ ಊರು ಸುತ್ತುವುದು. ಆಮೇಲೆ ಒಂದು ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರನ್ನು ನೆಲದ ಮೇಲೆ ಬರೆಯುವುದು. ಎಲ್ಲಿ ತೊಂದರೆ ಇದೆಯೋ ಅಲ್ಲಿ ಒಬ್ಬೊಬ್ಬರು ಒಂದೊಂದು ಹುಣಸೆ ಬೀಜ ಇಡುವುದು. ಕೊನೆಗೆ ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸುವುದು. ಕೋಲು ಹಿಡಿದವರು ಮಾತಾಡಬೇಕು, ಉಳಿದವರು ಕೇಳಬೇಕು.

ಮೊದಲ ಸಲ ಕರೆದಾಗ ಒಬ್ಬರೂ ಬರಲಿಲ್ಲ. ಗಂಡಸರು ಕುರಿಯ ಹಿಂದೆ ಹೋಗಿದ್ದರು. ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಕಾವ್ಯಶ್ರೀ ಬಿಸಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಹುಚ್ಚಕ್ಕ ಮಜ್ಜಿಗೆ ತಂದುಕೊಟ್ಟು, ಸಂಜೆ ಕುರಿ ರೊಪ್ಪಕ್ಕೆ ಬಂದ ಮೇಲೆ ಕರೆಯಬೇಕು, ಅದೂ ಮನೆಮನೆಗೆ ಹೋಗಿ ಕರೆಯಬೇಕು, ಮೈಕಿನಲ್ಲಿ ಕರೆದರೆ ಓಟಿನವರು ಅಂದುಕೊಳ್ಳುತ್ತಾರೆ ಎಂದಳು. ಮಾರನೆಯ ದಿನ ತಾನೇ ಹೋದಳು. ಜನ ಸೇರಿದರು.

ಆವತ್ತಿನಿಂದ ಇಬ್ಬರಿಗೂ ಹೊಂದಿತು. ಕೋಲು ಹಿಡಿದು ಸುಮ್ಮನೆ ನಿಂತವರನ್ನು ಮಾತಾಡಿಸುವುದು ಕಾವ್ಯಶ್ರೀಗೆ ಕಷ್ಟವಾಗುತ್ತಿತ್ತು. ಹುಚ್ಚಕ್ಕ ಅವರ ಪಕ್ಕ ಕೂತು, "ನಿನ್ನ ಮಾತು ಬ್ಯಾಡ ಬಿಡು. ನಿನ್ನ ವಾರಗಿತ್ತಿಗೆ ಏನು ತೊಂದ್ರೆ ಐತೆ, ಅದನ್ನ ಹೇಳು" ಎಂದರೆ ಬಾಯಿ ಬಿಡುತ್ತಿದ್ದರು. ವಾರಗಿತ್ತಿಯ ಹೆಸರಿನಲ್ಲಿ ತಮ್ಮದನ್ನೇ ಹೇಳುತ್ತಿದ್ದರು.

ನಮ್ಮ ಹಟ್ಟಿಯ ತೊಂದರೆ ಗುಡ್ಡದ ನೀರು. ಮಳೆ ಜೋರಾದರೆ ಮೇಲಿನ ಬೀದಿಗಳಲ್ಲಿ ಕೆಸರು ತುಂಬುತ್ತಿತ್ತು. ಊರು ಬರೆಯುವುದಕ್ಕೆ ಗುಡಿಯ ಮುಂದಿನ ಪೌಳಿಯೇ ಜಾಗ. ಅಷ್ಟು ಅಗಲದ, ಸಾರಿಸಿದ ನೆಲ ಬೇರೆ ಇಲ್ಲ. ಅದಲ್ಲದೆ ಹಟ್ಟಿಯಲ್ಲಿ ಒಂದು ಕಟ್ಟು ಇದೆ: ಪೌಳಿಯಲ್ಲಿ ಒಪ್ಪಿದ ಮಾತೇ ಮಾತು. ಬೇರೆ ಕಡೆ ಒಪ್ಪಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುತ್ತೈದೆಯರು ಪುಡಿ ಹಿಡಿದು ಕೂತರು. ಒಬ್ಬಳು ಗುಡಿ ಬರೆದಳು, ಒಬ್ಬಳು ಬೇವಿನ ಕಟ್ಟೆ. ಆಮೇಲೆ ಅವರವರ ಮನೆಯನ್ನು ಅವರವರೇ ಬರೆದರು. ಒಬ್ಬಳು ಬಾಗಿಲಿಗೆ ತೋರಣ ಹಾಕಿದಳು, ಇನ್ನೊಬ್ಬಳು ಮನೆಯ ಮುಂದೆ ಗಂಡನ ಬೈಕನ್ನೂ ಬರೆದಳು. ಎಲ್ಲರೂ ನಕ್ಕರು. ನಾವು ನಾಲ್ವರು ಬೇವಿನ ಕಟ್ಟೆಯ ಮೇಲೆ ಕೂತಿದ್ದೆವು. ದೇವರ ಮುಂದೆ ಬಿಡುವ ರಂಗೋಲಿಗೆ ಗಂಡ ಸತ್ತವಳು ಕೈ ಹಾಕುವುದಿಲ್ಲ. ಅದನ್ನು ಯಾರೂ ಹೇಳಲಿಲ್ಲ, ಯಾರೂ ತಡೆಯಲೂ ಇಲ್ಲ. ಹೇಳುವ ವಿಷಯವೇ ಅಲ್ಲ ಅದು. ಹುಚ್ಚಕ್ಕ ಕಟ್ಟೆಯ ಮೇಲಿಂದಲೇ, ಅಲ್ಲಿ ಹಳ್ಳ ಇನ್ನೂ ಬಾಗಬೇಕು, ಇಲ್ಲಿ ಹುಣಸೆ ಮರ ಬಿಟ್ಟಿರಿ ಎಂದು ಹೇಳಿಕೊಡುತ್ತಿದ್ದಳು.

ಕಾವ್ಯಶ್ರೀ ಕೊನೆಗೆ ಕೇಳಿದಳು, ಎಲ್ಲಾ ಬಂತಾ, ಯಾವುದಾದರೂ ಬಿಟ್ಟುಹೋಗಿದೆಯಾ ಎಂದು. ಎಲ್ಲರೂ ಬಂತು ಎಂದರು. ನಾವೂ ಬಂತು ಎಂದೆವು. ಅವಳು ಕುರ್ಚಿಯ ಮೇಲೆ ಹತ್ತಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಆ ಫೋಟೊ ನೋಡಿಕೊಂಡು ಅವರ ಕಚೇರಿಯಲ್ಲಿ ಹಾಳೆಯ ಮೇಲೆ ನಕ್ಷೆ ಬರೆದರು.

ಆ ಚಳಿಗಾಲದಲ್ಲಿ ಹುಚ್ಚಕ್ಕನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಚಂದ್ರವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಹಾಲ್. ಬೇರೆ ಬೇರೆ ಊರಿನಿಂದ ಡಿಸೈನ್ ಓದುವ ಹುಡುಗ ಹುಡುಗಿಯರು ಬಂದಿದ್ದರು. ಹಳ್ಳಿಯವರನ್ನು ಹೇಗೆ ಮಾತಾಡಿಸಬೇಕು ಎಂದು ಆಕೆ ಅವರಿಗೆ ಹೇಳಿಕೊಡಬೇಕಿತ್ತು. ಆಕೆ ಅಣ್ಣತಮ್ಮಂದಿರ ಟಗರಿನ ಜಗಳ ಹೇಳಿದಳಂತೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರ ಕಷ್ಟವನ್ನು ಇನ್ನೊಬ್ಬರು ಹೇಳುವಂತೆ ಮಾಡಿಸಿದಳಂತೆ. ಒಂದು ಹುಡುಗಿ ಗೆಳತಿಯ ಕಷ್ಟ ಹೇಳುತ್ತಾ ಅತ್ತುಬಿಟ್ಟಳಂತೆ. ವಾಪಸ್ಸು ಬಂದು ರೊಪ್ಪದಲ್ಲಿ ನಮಗೆ ಇದನ್ನೆಲ್ಲ ಹೇಳಿದಳು.

"ದುರ್ಗದಾಗೆ ಗೋಡೆ ತುಂಬ ನಮ್ಮ ಹಟ್ಟಿ ನೇತಾಕವ್ರೆ ಕಣ್ರೇ. ಗುಡಿ ಐತೆ, ಕಟ್ಟೆ ಐತೆ, ಆ ಬೈಕೂ ಐತೆ. ನಾವು ನಾಲ್ಕು ಜನ ಮಾತ್ರ ಇಲ್ಲ" ಎಂದಳು.

ಗಿರಿಯಕ್ಕ, "ಬೈಕಿಗಿರೋ ಮರ್ಯಾದೆ ನಮಗೆಲ್ಲಿ" ಎಂದಳು. ನಾವು ನಕ್ಕೆವು. ಅದರಲ್ಲಿ ಏನೋ ತಪ್ಪಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ರಂಗೋಲಿ ಎಂದರೆ ಹಾಗೆಯೇ ಇರಬೇಕು ಎಂದುಕೊಂಡಿದ್ದೆವು. ನಾವು ಇದ್ದೇವೆ ಎಂಬುದು ಹಟ್ಟಿಗೆ ಗೊತ್ತಿದೆಯಲ್ಲ, ಬರೆಯುವುದೇಕೆ.

ಬೇಸಿಗೆಯಲ್ಲಿ ಜೆಸಿಬಿ ಬಂತು. ಗುಡ್ಡದ ನೀರನ್ನು ಮೇಲೆಯೇ ತಡೆದು, ಹಟ್ಟಿಯ ಪಕ್ಕದಲ್ಲಿ ಬಳಸಿಕೊಂಡು ಕೆಳಕ್ಕೆ ತರುವ ಕಾಲುವೆ ತೋಡಿದರು. ತೋಡುತ್ತಾ ನಮ್ಮ ಸಾಲಿನ ಹಿಂದಕ್ಕೆ ಬಂದು ನಿಲ್ಲಿಸಿಬಿಟ್ಟರು. ಮುಂದೆ ಹಳ್ಳದವರೆಗೆ ತೋಡುತ್ತಾರೆ ಎಂದುಕೊಂಡೆವು. ಮಾರನೆಯ ದಿನ ಯಂತ್ರ ಲಾರಿ ಹತ್ತಿ ಹೋಯಿತು. ಹುಚ್ಚಕ್ಕ ಪಂಚಾಯಿತಿ ಮೆಂಬರ್ ನಾಗರಾಜನನ್ನು ಹುಡುಕಿಕೊಂಡು ಹೋಗಿ ಕೇಳಿದಳು. ಅವನು ಹಾಳೆ ತೋರಿಸಿದ. ಕಾಲುವೆ ಮುಗಿಯುವ ಕಡೆ ಏನೂ ಬರೆದಿರಲಿಲ್ಲ. ಅಲ್ಲಿಂದಾಚೆ ಖಾಲಿ ಜಾಗ, ನೀರು ತಾನಾಗಿ ಹರಡಿಕೊಂಡು ಹಳ್ಳ ಸೇರುತ್ತದೆ ಎಂದು ಇಂಜಿನಿಯರ್ ತೀರ್ಮಾನ ಮಾಡಿದ್ದ.

"ದೊಡ್ಡವ್ವ, ನೀವೇ ಪೌಳಿಯಾಗೆ ಕುಂತು ಬರೆಸಿದ್ದು. ನಾನೇನು ಬರೆದಿಲ್ಲ" ಎಂದ ನಾಗರಾಜ.

ಅವನಿಗೆ ನಮ್ಮ ಮನೆಗಳು ಗೊತ್ತಿರಲಿಲ್ಲವೆಂದಲ್ಲ. ಚಿಕ್ಕವನಿದ್ದಾಗ ಗಿರಿಯಕ್ಕನ ಮನೆಯಲ್ಲಿ ರೊಟ್ಟಿ ತಿಂದವನು. ಹಾಳೆ ಒಂದು ಸಲ ಮಂಜೂರಾದ ಮೇಲೆ ಅವನ ಕೈಯಲ್ಲಿ ಏನೂ ಇರಲಿಲ್ಲ, ಅಷ್ಟೇ. ಹುಚ್ಚಕ್ಕ ಕಾವ್ಯಶ್ರೀಗೆ ಫೋನು ಮಾಡಿಸಿದಳು. ಅವಳು ಗಾಬರಿಯಾಗಿ, ಬಂದು ನೋಡುತ್ತೇನೆ, ಮಳೆಗೆ ಮುಂಚೆ ಸರಿ ಮಾಡಿಸುತ್ತೇನೆ ಎಂದಳು. ಬಂದಳು ಕೂಡ. ಅರ್ಜಿ ಕೊಟ್ಟಳು, ತಾಲ್ಲೂಕಿಗೆ ಅಲೆದಳು. ಮಳೆ ಅವಳಿಗಿಂತ ಮುಂಚೆ ಬಂತು.

ಅದು ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ. ಜಿಲ್ಲೆಗೆ ಜಿಲ್ಲೆಯೇ ಕೋಡಿ ನೋಡಲು ಹೋಗುತ್ತಿತ್ತು. ನಮ್ಮಲ್ಲಿ ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಮೇಲಿನ ಬೀದಿಗಳಲ್ಲಿ ಆ ಸಲ ಕೆಸರು ಇರಲಿಲ್ಲ. ಕಾಲುವೆ ಚೆನ್ನಾಗಿ ಕೆಲಸ ಮಾಡಿತು. ಗುಡ್ಡದ ಅಷ್ಟೂ ನೀರನ್ನು ಒಟ್ಟು ಮಾಡಿ ತಂದು ನಮ್ಮ ಹಿತ್ತಿಲ ಗೋಡೆಗೆ ಬಿಟ್ಟಿತು. ಹುಚ್ಚಕ್ಕ, ನಾನು, ತಿಪ್ಪಮ್ಮ ರೊಪ್ಪದಲ್ಲಿ ಮರಿಗಳನ್ನು ಎತ್ತಿ ದಿಬ್ಬಕ್ಕೆ ಸಾಗಿಸುತ್ತಿದ್ದೆವು. ಗಿರಿಯಕ್ಕನಿಗೆ ಕಾಲು ಊದಿಕೊಂಡು ಎದ್ದು ಓಡಾಡಲು ಆಗುತ್ತಿರಲಿಲ್ಲ. ಒಳಗೆ ಮಂಚದ ಮೇಲಿದ್ದಳು. ಮರಿಗಳಾದ ಮೇಲೆ ಅವಳನ್ನು ಎತ್ತಿಕೊಂಡು ಹೋಗೋಣ ಎಂದಿದ್ದೆವು. ಅವಳೂ ಒಳಗಿನಿಂದ, ಮೊದಲು ಮರಿ ನೋಡ್ರೇ ಎಂದು ಕೂಗಿದ್ದಳು. ಅವಳ ಹಿಂದಿನ ಗೋಡೆ ಕುಸಿದ ಸದ್ದು ಮಳೆಯ ಸದ್ದಿನಲ್ಲಿ ನಮಗೆ ಗೊತ್ತಾಗಲಿಲ್ಲ. ಬಾಗಿಲಿನಿಂದ ಕೆಂಪು ನೀರು ಹೊರಗೆ ಬರುವುದನ್ನು ನೋಡಿ ಹುಚ್ಚಕ್ಕ ಓಡಿದಳು. ಗಂಡಸರು ಬಂದು ಮಣ್ಣು ಸರಿಸಿ ಹೊರಗೆ ತೆಗೆದಾಗ ಗಿರಿಯಕ್ಕನ ಬಾಯಲ್ಲಿ ಮಣ್ಣು ತುಂಬಿತ್ತು. ಹುಚ್ಚಕ್ಕ ತನ್ನ ಸೆರಗಿನಿಂದ ಅದನ್ನು ತೆಗೆದಳು. ಸ್ವಲ್ಪ ಸ್ವಲ್ಪವಾಗಿ, ಮಗುವಿನ ಬಾಯಿ ಒರೆಸಿದ ಹಾಗೆ.

ಕಾವ್ಯಶ್ರೀ ತಿಥಿಗೆ ಬಂದಳು. ಊಟ ಮಾಡಲಿಲ್ಲ. ನಮ್ಮ ಸಾಲಿನಲ್ಲಿ ಬಿದ್ದ ಮನೆಯ ಮುಂದೆ ಬಹಳ ಹೊತ್ತು ಕೂತಿದ್ದಳು.

"ಊರು ಸುತ್ತುವಾಗ ನಾನು ಇಲ್ಲಿಗೆ ಬಂದಿದ್ದೆ ಹುಚ್ಚಮ್ಮ. ಗಿರಿಯಕ್ಕನ ಕೈಯಲ್ಲಿ ಟೀ ಕುಡಿದಿದ್ದೆ. ಹಾಳೆಯಲ್ಲಿ ಈ ಮನೆ ಇಲ್ಲ ಅಂತ ನನಗೆ ಕಾಣಲೇ ಇಲ್ಲ" ಎಂದಳು.

ಹುಚ್ಚಕ್ಕ ಅವಳನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕಾಲುವೆ ಯಾವಾಗ ತಿರುಗಿಸುತ್ತೀರಿ ಎಂದು ಮಾತ್ರ ಕೇಳಿದಳು. ಹಿಂಗಾರು ಇನ್ನೂ ಬಾಕಿ ಇತ್ತು. ಆ ಸಲ ಹಿಂಗಾರಿಗೆ ನಾವು ಕಾಲುವೆಯ ಬಾಯಿಗೆ ಮಣ್ಣಿನ ಚೀಲ ಪೇರಿಸಿ ಹೇಗೋ ತಪ್ಪಿಸಿಕೊಂಡೆವು. ಮುಂದಿನ ಮುಂಗಾರಿಗೆ ಚೀಲ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗಿರಿಯಕ್ಕನ ಮನೆಯ ಅಡಿಪಾಯ ಮತ್ತು ಎರಡು ಪಕ್ಕದ ಗೋಡೆ ಉಳಿದಿದ್ದವು. ಆ ಗೋಡೆಗಳ ಮೇಲೆಯೇ ಒಂದು ಕಡೆ ಹುಚ್ಚಕ್ಕನ ಮನೆ, ಒಂದು ಕಡೆ ನನ್ನ ಮನೆ ನಿಂತಿದ್ದವು. ಅವು ಹೋದರೆ ತಿಪ್ಪಮ್ಮನದೂ ಉಳಿಯುವುದಿಲ್ಲ. ಮಂಜಣ್ಣ ತಾಯಿಯನ್ನು ಮೇಲಿನ ಮನೆಗೆ ಕರೆದ. ನಮ್ಮಿಬ್ಬರಿಗೆ ಹೋಗಲು ಜಾಗ ಇರಲಿಲ್ಲ. ತಾನೊಬ್ಬಳೇ ಹತ್ತಿ ಹೋದರೆ ಕಾಲುವೆಯ ಮಾತೂ ಅಲ್ಲಿಗೇ ನಿಲ್ಲುತ್ತದೆ ಎಂದು ಹುಚ್ಚಕ್ಕ ಕದಲಲಿಲ್ಲ.

ಪಂಚಾಯಿತಿಯವರು, ಪೌಳಿಯಲ್ಲಿ ಸೇರಿದ್ದು ಗ್ರಾಮಸಭೆ, ಅಲ್ಲಿ ಒಪ್ಪಿದ ನಕ್ಷೆಯನ್ನು ಗ್ರಾಮಸಭೆಯಲ್ಲೇ ಬದಲಾಯಿಸಬೇಕು ಎಂದರು. ಕಾವ್ಯಶ್ರೀ, ಈ ಸಲ ರಂಗೋಲಿ ಬೇಡ, ಹಾಳೆಯ ಮೇಲೆ ಬರೆಯೋಣ, ಇಲ್ಲವೇ ಶಾಲೆಯ ಮುಂದೆ ಕಲ್ಲು ಇಟ್ಟು ತೋರಿಸೋಣ ಎಂದು ಹೇಳಿ ನೋಡಿದಳು. ಗುಡಿಯ ಪೂಜಾರಿ ಕರಿಯಣ್ಣ ಒಪ್ಪಲಿಲ್ಲ. ಅವನು ಮಾರಪ್ಪನ ಚಿಕ್ಕಪ್ಪನ ಮಗ, ಹುಚ್ಚಕ್ಕನಿಗೆ ಮೈದುನನಾಗಬೇಕು. ಕೆಟ್ಟವನಲ್ಲ. ಗಿರಿಯಕ್ಕನ ಮಣ್ಣಿಗೆ ಮೊದಲು ಹೆಗಲು ಕೊಟ್ಟವನು ಅವನೇ. ಪೌಳಿಯಲ್ಲಿ ಕೊಟ್ಟ ಮಾತನ್ನು ಪೌಳಿಯಲ್ಲೇ ತಿದ್ದಬೇಕು, ಶಾಲೆ ಮುಂದೆ ತಿದ್ದಿದರೆ ನಾಳೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ತಿದ್ದುತ್ತಾರೆ ಎಂದ. ಹಟ್ಟಿಯವರಿಗೆ ಅದು ಸರಿ ಕಂಡಿತು. ನಿಜ ಹೇಳಬೇಕೆಂದರೆ ನಮಗೂ ಸರಿ ಕಂಡಿತು. ನಮ್ಮ ನಾಲ್ವರ, ಈಗ ಮೂವರ, ಮನೆಗಳನ್ನು ಯಾರು ಬರೆಯುವುದು ಎಂಬುದಕ್ಕೂ ಕರಿಯಣ್ಣನೇ ದಾರಿ ಹೇಳಿದ. ಮುತ್ತೈದೆಯೊಬ್ಬಳು ನಮ್ಮ ಪರವಾಗಿ ಬರೆದರಾಯಿತು. ಮೌನಿಕಾ ಬರೆಯಲಿ, ಸೊಸೆ ತಾನೆ.

ಹುಚ್ಚಕ್ಕ ಒಪ್ಪಿದಳು. ಕಾವ್ಯಶ್ರೀಗೆ ಅದನ್ನು ಸಹಿಸಲಾಗಲಿಲ್ಲ, ನಿಮ್ಮ ಮನೆ ನಿಮ್ಮ ಕೈಯಲ್ಲೇ ಬರಬೇಕು ಎಂದಳು. ಹುಚ್ಚಕ್ಕ, ನೀರಿಗೆ ಯಾರ ಕೈಯಾದರೇನು ತಾಯಿ, ಹಾಳೆಯಲ್ಲಿ ಬಂದರೆ ಸಾಕು ಎಂದಳು.

ಸಂಕ್ರಾಂತಿ ಕಳೆದ ಮೇಲೆ ಸಭೆ ಸೇರಿತು. ಪಂಚಾಯಿತಿ ಇಂಜಿನಿಯರ್ ಚೇತನ್‌ಕುಮಾರ್ ಕೂಡ ಬಂದಿದ್ದ. ಎಳೆಯ ವಯಸ್ಸಿನವನು, ಮೆತ್ತಗೆ ಮಾತಾಡುತ್ತಿದ್ದ. ಹೆಂಗಸರು ಗುಡಿ, ಕಟ್ಟೆ, ಬೀದಿಗಳನ್ನು ಬರೆದರು. ಈ ಸಲ ತೋರಣವನ್ನೂ ಬೈಕನ್ನೂ ಯಾರೂ ಬರೆಯಲಿಲ್ಲ. ಕೊನೆಗೆ ಮೌನಿಕಾ ಪುಡಿಯ ಬಟ್ಟಲು ಹಿಡಿದು ಕೆಳಗಿನ ಸಾಲಿಗೆ ಬಂದಳು. ಅತ್ತೆ ಕಟ್ಟೆಯಿಂದ ಹೇಳಿದ ಹಾಗೆ ಅತ್ತೆಯ ಮನೆ ಬರೆದಳು, ತಿಪ್ಪಮ್ಮನದು ಬರೆದಳು, ನನ್ನದು ಬರೆದಳು. ನಡುವೆ ಒಂದು ಮನೆಯಷ್ಟು ಜಾಗ ಉಳಿಯಿತು.

ಚೇತನ್‌ಕುಮಾರ್ ಬಗ್ಗಿ ನೋಡಿ, ಹಾಗಾದರೆ ಕಾಲುವೆಯನ್ನು ಈ ಸಂದಿಯಲ್ಲೇ ಇಳಿಸಿ ನೇರವಾಗಿ ಹಳ್ಳಕ್ಕೆ ಸೇರಿಸಬಹುದು, ಇದೇ ಹತ್ತಿರದ ದಾರಿ ಎಂದ.

ಅದು ಗಿರಿಯಕ್ಕನ ಜಾಗ. ಅಡಿಪಾಯದೊಳಗೆ ಕಾಲುವೆ ಬಂದರೆ ಎರಡು ಪಕ್ಕದ ಗೋಡೆಯೂ ಒಂದೇ ಮಳೆಗೆ ಹೋಗುತ್ತವೆ. ಹುಚ್ಚಕ್ಕ ಅವನಿಗೆ, ಅದು ಸಂದಿಯಲ್ಲ, ಅಲ್ಲಿ ಮನೆ ಇದೆ, ಗೋಡೆ ಇದೆ, ಸಾಲಿನ ಕೊನೆಯಿಂದ ಬಳಸಿ ತನ್ನಿ ಎಂದಳು. ಅವನು, ನಕ್ಷೆಯಲ್ಲಿ ಮನೆ ಇದ್ದರೆ ಬಳಸಿಯೇ ತರಬೇಕು, ಹಾಗೆ ಬರೆದುಕೊಡುತ್ತೇನೆ, ಬರೆಸಿ ಎಂದ.

ಮೌನಿಕಾ ಬಟ್ಟಲು ಹಿಡಿದು ನಿಂತೇ ಇದ್ದಳು. ಮನೆಯಲ್ಲಿ ಸಣ್ಣ ಕೂಸು ಇತ್ತು. ಗೋಡೆ ಬಿದ್ದು ಸತ್ತವಳ ಮನೆಯನ್ನು ಮುತ್ತೈದೆಯ ಕೈಯಿಂದ ದೇವರ ಮುಂದೆ ಬರೆಸುವುದು ಯಾರಿಗೂ ಬೇಕಿರಲಿಲ್ಲ. ಹಿರಿಯ ಹೆಂಗಸರು ಹಿಂದಿನಿಂದ, ಬ್ಯಾಡ ಕಣೆ, ಬ್ಯಾಡ ಎಂದು ಸಣ್ಣಗೆ ಹೇಳುತ್ತಿದ್ದರು. ಉಳಿದ ಮುತ್ತೈದೆಯರು ನೆಲ ನೋಡುತ್ತಿದ್ದರು.

"ನನ್ನ ಕೈಲಾಗಲ್ಲ ಅತ್ತೆ" ಎಂದಳು ಮೌನಿಕಾ.

"ಆಗ್ಲಿ ಬಿಡವ್ವ. ನೀನು ಬರೀಬ್ಯಾಡ" ಎಂದು ಹುಚ್ಚಕ್ಕ ಕಟ್ಟೆಯಿಂದ ಇಳಿದಳು. ಇಳಿದು ಬಂದು ಸೊಸೆಯ ಕೈಯಿಂದ ಬಟ್ಟಲು ತೆಗೆದುಕೊಂಡಳು.

ಕರಿಯಣ್ಣ ಗುಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಅವನು ದನಿ ಎತ್ತಲಿಲ್ಲ.

"ಅತ್ತಿಗೆ, ತಡಿ. ನೀನು ಕೈ ಹಾಕಿದ್ರೆ ನಿನ್ನ ಮನೆ ಮೀಸಲು ಗುಡಿಗೆ ಬರಂಗಿಲ್ಲ. ನಾನು ತಗಳ್ಳಾಕೆ ಆಗಲ್ಲ. ತಿಳ್ಕಂಡು ಕೈ ಹಾಕು."

ಮೀಸಲು ಎಂದರೆ ನಮ್ಮಲ್ಲಿ ಸೋಮವಾರದ ಹಾಲು. ಆವತ್ತು ಕರೆದದ್ದನ್ನು ಮನೆಯವರು ಮುಟ್ಟುವುದಿಲ್ಲ, ಗುಡಿಗೆ ಕೊಡುತ್ತೇವೆ. ಕುಂಕುಮ ನಮಗಿಲ್ಲ, ಆರತಿ ಹಿಡಿಯುವಂತಿಲ್ಲ, ಮದುವೆ ಚಪ್ಪರದ ಕೆಳಗೆ ನಿಲ್ಲುವಂತಿಲ್ಲ. ಆದರೆ ಹಾಲು ಮಾತ್ರ ಯಾರು ಕರೆದರೂ ಹಾಲೇ. ಪೂಜಾರಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ, ಗಿಂಡಿ ತುಂಬಿ ದೇವರ ತಲೆಯ ಮೇಲೆ ಸುರಿಯುತ್ತಾನೆ. ಮಾರಪ್ಪ ಸತ್ತ ಮೇಲೆ ಹುಚ್ಚಕ್ಕ ಒಂದು ಸೋಮವಾರವೂ ತಪ್ಪಿಸಿದವಳಲ್ಲ. ಜ್ವರ ಬಂದು ಮಲಗಿದ್ದಾಗಲೂ ನನ್ನನ್ನು ಕೂಗಿ ಹಾಲು ಕರೆಸಿದ್ದಳು.

ಆಕೆ ಬಟ್ಟಲು ಹಿಡಿದುಕೊಂಡು ನಿಂತಳು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು. ಹುಚ್ಚಕ್ಕ ಗುಡಿಯ ಕಡೆ ನೋಡಿದಳು, ಆ ಸಂದಿಯ ಕಡೆ ನೋಡಿದಳು.

"ಆಯ್ತು ಕರಿಯಣ್ಣ. ತಗಬ್ಯಾಡ" ಎಂದಳು.

ಮೊಣಕಾಲೂರಿ ಕೂತು ಬರೆದಳು. ಎಷ್ಟು ವರ್ಷವಾಗಿತ್ತೋ ಪುಡಿ ಹಿಡಿದು. ಗೆರೆ ನೇರ ಬರಲಿಲ್ಲ, ಬೆರಳ ಸಂದಿಯಿಂದ ಒಮ್ಮೆ ಹೆಚ್ಚು ಬೀಳುತ್ತಿತ್ತು, ಒಮ್ಮೆ ಬೀಳುತ್ತಲೇ ಇರಲಿಲ್ಲ. ತನ್ನ ಗೋಡೆಯಿಂದ ಹಿಡಿದು ನನ್ನ ಗೋಡೆಯವರೆಗೆ ಎಳೆದಳು. ಹಿಂದಿನ ಗೋಡೆಯನ್ನೂ ಎಳೆದಳು, ಅದು ಈಗ ಇಲ್ಲದಿದ್ದರೂ. ಮುಂದೆ ಬಾಗಿಲು ಬಿಟ್ಟಳು. ಆಮೇಲೆ ತೊಂದರೆಯ ಬೀಜಗಳ ಬುಟ್ಟಿಯಿಂದ ಒಂದು ಹುಣಸೆ ಬೀಜ ತಂದು ಬಾಗಿಲೊಳಗೆ ಇಟ್ಟಳು. ಮೇಲಿನ ಬೀದಿಯವರು ಯಾರೂ ಅಲ್ಲಿ ಬೀಜ ಇಡಲಿಲ್ಲ. ತಿಪ್ಪಮ್ಮ ಎದ್ದು ಹೋಗಿ ಒಂದು ಇಟ್ಟಳು. ನಾನೂ ಇಟ್ಟೆ.

ನಾಗರಾಜ ಕೋಲನ್ನು ಕೊಟ್ಟು, ಇದಕ್ಕೆ ಒಪ್ಪಿಗೆಯೇ ಎಂದು ಒಬ್ಬೊಬ್ಬರನ್ನೂ ಕೇಳುತ್ತಾ ಬಂದ. ಕೋಲು ಹಿಡಿದವರು ಬಾಯಿ ಬಿಡಲಿಲ್ಲ, ಪಕ್ಕದವರಿಗೆ ದಾಟಿಸಿದರು. ಹಾಗೆಯೇ ದಾಟುತ್ತಾ ಅದು ಕರಿಯಣ್ಣನ ಕೈಗೆ ಹೋಯಿತು. ಅವನು ಬೇಡ ಎಂದರೆ ಎಲ್ಲಾ ಮುಗಿಯುತ್ತಿತ್ತು.

"ಪೌಳಿಯಾಗೆ ಬರೆದಿದ್ದು ಬರೆದಾಯ್ತು. ಯಾರೂ ಅಳಿಸಬ್ಯಾಡ್ರಿ" ಎಂದ. ಕೋಲನ್ನು ಗೋಡೆಗೆ ಒರಗಿಸಿ ಗುಡಿಯೊಳಗೆ ಹೋದ.

ಕಾವ್ಯಶ್ರೀ ಕುರ್ಚಿ ಹತ್ತಿ ಫೋಟೊ ತೆಗೆದಳು. ಈ ಸಲ ಹಾಳೆಯನ್ನು ಕಚೇರಿಯಲ್ಲಿ ಮಾಡಿಸಲಿಲ್ಲ. ನಮ್ಮ ಸಾಲಿಗೆ ಬಂದು, ಮನೆ ಮನೆಯ ಮುಂದೆ ನಿಂತು, ನಮ್ಮ ಎದುರೇ ಬರೆದಳು.

ಬೇಸಿಗೆ ಮುಗಿಯುವುದರೊಳಗೆ ಕಾಲುವೆ ತಿರುಗಿತು. ತಿಪ್ಪಮ್ಮನ ಮನೆಯ ಆಚೆಯಿಂದ ಬಳಸಿ, ಕಲ್ಲು ಕಟ್ಟಿ ಹಳ್ಳಕ್ಕೆ ಸೇರಿಸಿದರು. ಮುಂಗಾರಿನ ಮೊದಲ ದೊಡ್ಡ ಮಳೆಗೆ ನಾವು ಮೂವರೂ ಕಂಬಳಿ ಹೊದ್ದು ಹಿತ್ತಿಲಲ್ಲಿ ನಿಂತಿದ್ದೆವು. ಕೆಂಪು ನೀರು ಸದ್ದು ಮಾಡುತ್ತಾ ಬಂತು. ಕಲ್ಲಿನ ತಿರುವಿನಲ್ಲಿ ಒಂದಿಷ್ಟು ಮೇಲೆದ್ದು, ಆ ಕಡೆ ಹರಿದು ಹೋಯಿತು. ಗೋಡೆ ನೆನೆಯಲಿಲ್ಲ. ತಿಪ್ಪಮ್ಮ ಅತ್ತಳು. ಹುಚ್ಚಕ್ಕ, ಸದ್ಯ, ಒಳಗೆ ಹೋಗಾಣ ನಡೀರಿ ಎಂದಳು.

ಮೀಸಲಿನ ವಿಷಯದಲ್ಲಿ ಕರಿಯಣ್ಣ ಹೇಳಿದ ಹಾಗೆಯೇ ಮಾಡಿದ. ಸೋಮವಾರ ತಿಪ್ಪಮ್ಮನ ಬಾಗಿಲಿಗೆ ಬರುತ್ತಾನೆ, ನನ್ನ ಬಾಗಿಲಿಗೆ ಬರುತ್ತಾನೆ. ಗಿರಿಯಕ್ಕನ ಪಾಳು ದಾಟಿ ಹುಚ್ಚಕ್ಕನ ಮನೆಯ ಮುಂದೆ ಹೋಗುವಾಗ ನಿಲ್ಲುವುದಿಲ್ಲ. ಮೊದಮೊದಲು ಆಕೆ ಹಾಲಿನ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಅವನು ತಲೆ ತಗ್ಗಿಸಿಕೊಂಡು, "ಆರಾಮಾ ಅತ್ತಿಗೆ" ಎಂದು ಕೇಳಿ ಮುಂದೆ ಹೋಗುತ್ತಿದ್ದ. ಆಕೆ ಆರಾಮ ಎನ್ನುತ್ತಿದ್ದಳು. ಆಮೇಲೆ ಹೊಸ್ತಿಲಿಗೆ ಬರುವುದನ್ನು ಬಿಟ್ಟಳು.

ಕಾವ್ಯಶ್ರೀಗೆ ನಮ್ಮ ಹಟ್ಟಿಯ ಕಥೆ ಎಲ್ಲಾ ಕಡೆ ಹೇಳಬೇಕೆಂದು ಆಸೆ. ಊರು ಬರೆಯುವ ಕಡೆಯೆಲ್ಲ ಮೊದಲು ಇದನ್ನು ಹೇಳಿದರೆ ಕಟ್ಟೆಯ ಮೇಲೆ ಕೂತ ಹೆಂಗಸರು ಇಳಿದು ಬರುತ್ತಾರೆ, ಅವರ ಮನೆಗಳು ಹಾಳೆಗೆ ಬರುತ್ತವೆ ಎಂದಳು. ಹುಚ್ಚಕ್ಕನೇ ಬಂದು ಹೇಳಿದರೆ ಇನ್ನೂ ಒಳ್ಳೆಯದು ಎಂದಳು. ಹುಚ್ಚಕ್ಕ ಬರುತ್ತೇನೆ ಎಂದಳು.

"ಆದ್ರೆ ಕಾವ್ಯಮ್ಮ, ಕಾಲುವೆ ತಿರುಗಿದ್ದು ಹೇಳಿ ಹಾಲಿನದು ಬಿಡಂಗಿಲ್ಲ. ಎರಡೂ ಹೇಳಾಣ. ಕೇಳಿದೋರು ಎರಡೂ ಕೇಳಿ ಕೈ ಹಾಕ್ಲಿ."

"ಹಾಲಿನ ವಿಷಯ ಕೇಳಿದ್ರೆ ಯಾರು ಮುಂದೆ ಬರ್ತಾರೆ?"

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ. ನನಗೆ ಕರಿಯಣ್ಣ ಮೊದ್ಲೇ ಹೇಳಿದ್ದ. ಅವರಿಗೆ ಯಾರು ಹೇಳ್ತಾರೆ?"

ಕಾವ್ಯಶ್ರೀ ಹಾಗೆಯೇ ನಡೆಸಿದಳು.

ಕಳೆದ ವರ್ಷ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಹತ್ತಿರ ಒಂದು ಊರಿಗೆ ಹೋದರು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಆ ಊರಿನವರು ಕುರಿಯವರಲ್ಲ, ಹೊಲ ಮಾಡುವ ಲಿಂಗಾಯತರು. ಅಲ್ಲೂ ಮುತ್ತೈದೆಯರು ಪುಡಿ ಹಿಡಿದು ಕೂತರು, ಅಲ್ಲೂ ಕೆಲವರು ಗೋಡೆಗೆ ಒರಗಿ ದೂರ ನಿಂತರು. ಹುಚ್ಚಕ್ಕ ಅವರ ಹತ್ತಿರ ಹೋಗಿ ಕೂತು ಎಲ್ಲವನ್ನೂ ಹೇಳಿದಳು. ಗಿರಿಯಕ್ಕನ ಬಾಯಿಯ ಮಣ್ಣು, ತಿರುಗಿದ ಕಾಲುವೆ, ಸೋಮವಾರ. ಅವರಲ್ಲಿ ವೀರ‍ಮ್ಮ ಎಂಬಾಕೆಯ ಮನೆ ಕೆರೆಯ ಕೋಡಿಗೆ ಹತ್ತಿರವಂತೆ. ಆಕೆ ಕೊನೆಯವರೆಗೂ ಕೇಳಿ, ಒಂದೇ ಮಾತು ಕೇಳಿದಳು.

"ಆ ಹಾಲು ಈಗ ಏನ್ ಮಾಡ್ತೀರಿ?"

"ಮರಿಗೆ ಹಾಕ್ತೀನಿ ತಾಯಿ. ಕಾಸಿ ಕುಡಿಯಾಕೆ ಮನಸ್ಸು ಬರಲ್ಲ" ಎಂದಳು ಹುಚ್ಚಕ್ಕ.

ವೀರ‍ಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆವತ್ತು ಅವಳಾಗಲಿ ಉಳಿದವರಾಗಲಿ ಮುಂದೆ ಬರಲಿಲ್ಲ. ರಂಗೋಲಿಯಲ್ಲಿ ಕೋಡಿಯ ಕಡೆ ಖಾಲಿ ಉಳಿಯಿತು. ಊರಿನವರು ಎಲ್ಲಾ ಬಂತು ಎಂದರು. ಕಾವ್ಯಶ್ರೀ ಕುರ್ಚಿಯ ಹತ್ತಿರ ಹೋದಳು, ಆದರೆ ಹತ್ತಲಿಲ್ಲ. ಇವತ್ತು ಫೋಟೊ ಬೇಡ, ಇನ್ನೊಂದು ದಿನ ಬರುತ್ತೇವೆ ಎಂದಳು. ಪಂಚಾಯಿತಿಯವರಿಗೆ ಸಿಟ್ಟು ಬಂತು, ಕೆಲಸ ತಡವಾಗುತ್ತದೆ ಎಂದರು.

ಆಮೇಲೆಯೂ ಹುಚ್ಚಕ್ಕ ಎರಡು ಸಲ ಅಲ್ಲಿಗೆ ಹೋಗಿ ವೀರ‍ಮ್ಮನ ಜಗಲಿಯ ಮೇಲೆ ಕೂತು ಬಂದಿದ್ದಾಳೆ. ಕೈ ಹಾಕು ಎಂದು ಹೇಳುವುದಿಲ್ಲವಂತೆ, ಹಾಕಬೇಡ ಎಂದೂ ಹೇಳುವುದಿಲ್ಲವಂತೆ. ಕೋಡಿಯ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿಕೊಂಡು ಬರುತ್ತಾಳೆ. ಮಳೆಗಾಲ ಹತ್ತಿರ ಬಂದಿದೆ. ಆ ಊರಿನ ಹಾಳೆ ಇನ್ನೂ ಆಗಿಲ್ಲ.